ಕುಬೋ ಅವರ ಸೊಂಟನೋವು

ಆ ಬೆಳಗ್ಗೆ ಕುಬೋ ಇಸಾಮು ಅವರಿಗೆ ಬೇಕಾಗಿದ್ದದ್ದು ಕಾಗದ ಇಟ್ಟುಕೊಂಡು ಬರೆಯಲು ಒಂದು ಗಟ್ಟಿ ಹಲಗೆ, ಅಷ್ಟೇ. ಮೇಜಿನ ತುಂಬ ಹೆಂಡತಿ ಕಿನುಯೊ ಉಪ್ಪಿನಕಾಯಿಗೆಂದು ಮೂಲಂಗಿ ಹರಡಿಕೊಂಡಿದ್ದರು. ಕೈಗೆ ಸಿಕ್ಕಿದ್ದು ಓಣಿ ಸಂಘದ ಸುತ್ತೋಲೆ ಹಲಗೆ. ಅದು ಮನೆಯಿಂದ ಮನೆಗೆ ನಡೆಯುವ ಹಲಗೆ. ಕ್ಲಿಪ್ಪಿಗೆ ಸಿಕ್ಕಿಸಿದ ಸೂಚನೆ ಓದಿ, ಮನೆಯ ಮೊಹರು ಒತ್ತಿ, ಪಕ್ಕದವರಿಗೆ ದಾಟಿಸಬೇಕು. ಒನೊಮಿಚಿ ಊರಿನ ಆ ಮೆಟ್ಟಿಲು ಓಣಿಯಲ್ಲಿ ಹತ್ತು ಮನೆ. ಬುಡದ ಮೊದಲ ಮನೆ ಕುಬೋ ಅವರದು. ತುದಿಯ ಕೊನೆಯ ಮನೆ ಸಂಘದ ಅಧ್ಯಕ್ಷ ತಾತ್ಸುಮಿ ಅವರದು.

ಸೂಚನೆಯ ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ ‘ತುರ್ತು’ ಎಂದಿತ್ತು. ಕುಬೋ ಅದರ ಕೆಳಗೆ ಟಪ್ಪನೆ ಮೊಹರು ಒತ್ತಿದರು.

“ಓದಿ ಒತ್ತಿ ರೀ,” ಎಂದರು ಕಿನುಯೊ.

“ಓದೋಕೇನಿದೆ ಅದ್ರಲ್ಲಿ? ಕಸದಲ್ಲಿ ಬಾಟಲಿ ಬೇರೆ ಕಟ್ಟಿ, ಡಬ್ಬ ಬೇರೆ ಕಟ್ಟಿ. ಮೂವತ್ತು ವರ್ಷದಿಂದ ಅದೇ ಪುರಾಣ.”

ಸೂಚನೆಯ ಮೇಲೆ ತಮ್ಮ ಹಾಳೆ ಇಟ್ಟುಕೊಂಡು ಬರೆಯಲು ಕುಳಿತರು. ಪ್ರತಿ ಡಿಸೆಂಬರಿನಲ್ಲೂ ಹೊಸವರ್ಷದ ಕಾರ್ಡಿನ ಜೊತೆ ಅವರು ತಮ್ಮಿಬ್ಬರ ವರ್ಷದ ವರದಿ ಕಳುಹಿಸುತ್ತಿದ್ದರು. ನೆಂಟರಿಗೆಲ್ಲ ಅಚ್ಚುಹಾಕಿಸಿದ, ನಯವಾದ ವರದಿ. ಹಳೆಯ ಕಚೇರಿಯ ಗೆಳೆಯ ಹಯಾಮಿಗೆ ಮಾತ್ರ ಕೈಬರಹದ, ನಿಜವಾದ ವರದಿ.

‘ಮಾರ್ಚಿನಲ್ಲಿ ಮೊಮ್ಮಗಳು ಪಿಟೀಲು ಬಾರಿಸಿದ್ದು ಕೇಳಿ ಬಂದೆವು, ಕಿವಿ ಈಗೀಗ ಸರಿಹೋಗುತ್ತಿದೆ,’ ಎಂದು ಬರೆದರು. ‘ಅಕ್ಟೋಬರಿನಲ್ಲಿ ದೈಸೆನ್ ಬೆಟ್ಟದ ತುದಿ ಮುಟ್ಟಿದೆವು, ನಾನೇ ಮುಂದೆ. ಓಣಿಯವರು ಮಾತ್ರ ನನಗೆ ಸೊಂಟನೋವು ಎಂದೇ ನಂಬಿದ್ದಾರೆ. ಹೋದ ಸಭೆಯಲ್ಲಿ ಎರಡು ಸಲ ನರಳಿದೆ, ಅಧ್ಯಕ್ಷಗಿರಿ ತಪ್ಪಿತು. ಪಾಪ, ಒಳ್ಳೆಯ ಜನ. ಕತ್ತೆಗಳಿಗಿಂತ ತುಸುವೇ ಜಾಣರು.’

ಮೂಲಂಗಿಯ ನೀರು ಸಿಡಿಯದಿರಲೆಂದು ಹಾಳೆಯನ್ನು ಸೂಚನೆಯ ಅಡಿಗೆ ಸಿಕ್ಕಿಸಿಟ್ಟು, ಅಂಚೆಚೀಟಿ ತರಲು ಹೋದರು. ಬಂದು ನೋಡಿದರೆ ಹಲಗೆ ಇಲ್ಲ.

“ಮೊಹರು ಒತ್ತಿದ್ರಲ್ಲ,” ಎಂದರು ಕಿನುಯೊ. “ಪಕ್ಕದ್ಮನೆಗೆ ಕೊಟ್ಟುಬಂದೆ. ತುರ್ತು ಅಂತಿತ್ತು.”

ಅಡಿಯಲ್ಲಿದ್ದ ಹಾಳೆಯ ಕಥೆಯನ್ನು ಕುಬೋ ಒಂದೇ ಉಸಿರಿಗೆ ಹೇಳಿದರು. ವಿಷಯ ಕೇಳಿದ ಕಿನುಯೊ ಮೂಲಂಗಿ ಕೆಳಗಿಟ್ಟರು.

“ಹಾಗಾದ್ರೆ ಯಾಕುಶಿಮಾ?”

ಆ ದ್ವೀಪದ ಸಾವಿರಾರು ವರ್ಷದ ದೇವದಾರು ಮರವನ್ನು ನೋಡಬೇಕೆಂದು ಕಿನುಯೊ ಮದುವೆಯಾದಾಗಿನಿಂದ ಹೇಳುತ್ತಿದ್ದರು. ಕಚೇರಿಯ ಕೆಲಸ, ಆಮೇಲೆ ಮಕ್ಕಳು, ಆಮೇಲೆ ಅತ್ತೆಯ ಕಾಯಿಲೆ ಎಂದು ನಲವತ್ತೆರಡು ವರ್ಷ ಮುಂದೂಡಿ, ಬರುವ ಏಪ್ರಿಲ್‌ಗೆ ದೋಣಿ, ತಂಗುಮನೆ ಎಲ್ಲ ಗೊತ್ತುಮಾಡಿಯಾಗಿತ್ತು. ಹೊಸ ಅಧ್ಯಕ್ಷ ಹೊಣೆ ಹೊರುವುದೂ ಏಪ್ರಿಲ್‌ನಲ್ಲೇ. ಆದವನು ಓಣಿ ಬಿಟ್ಟು ಕದಲುವ ಹಾಗಿಲ್ಲ. ಸುಳ್ಳು ಹೇಳಿದ್ದಕ್ಕೆ ಕುಬೋ ಅವರಿಗೆ ನಾಚಿಕೆ ಇತ್ತು. ಆದರೆ ಹೆಂಡತಿಗೆ ಆ ಮರ ತೋರಿಸದೆ ಸಾಯುವುದು ಅದಕ್ಕಿಂತ ದೊಡ್ಡ ನಾಚಿಕೆ ಎಂದುಕೊಂಡಿದ್ದರು.

“ತರ್ತೀನಿ,” ಎಂದು ಹೊರಗೆ ಹಾರಿದವರು ಗೇಟಿನ ಬಳಿ ನೆನಪಾಗಿ, ಬಿಲ್ಲಿನಂತೆ ಬಾಗಿ, ಸೊಂಟದ ಮೇಲೆ ಕೈ ಇಟ್ಟುಕೊಂಡರು.

ಪಕ್ಕದ ಮನೆಯ ವಿಧವೆ ಒಗಾತಾ ಬಾಗಿಲು ತೆರೆದು ಲೊಚಗುಟ್ಟಿದರು. “ಅಯ್ಯೋ ಕುಬೋ ಸಾನ್, ಈ ಸೊಂಟ ಇಟ್ಕೊಂಡು ಯಾಕೆ ಬಂದ್ರಿ? ಹಲಗೇನಾ? ಆಗಲೇ ದಾಟಿಸ್ಬಿಟ್ಟೆ.”

“ಅದ್ರಲ್ಲಿ ಒಂದು ಹಾಳೆ...”

“ಎರಡು ಹಾಳೆ ಇತ್ತು, ಎರಡಕ್ಕೂ ಒತ್ತಿದೀನಿ. ನಮ್ಮನೇಲಿ ಎಂದೂ ಬಾಕಿ ಇಡಲ್ಲ. ಅಂಗಿ ಎತ್ತಿ.”

“ಏನಂದ್ರಿ?”

“ನೋವಿನ ಪಟ್ಟಿ ಹಚ್ತೀನಿ. ನಮ್ಮೆಜಮಾನ್ರು ಇದ್ದಾಗ ತಂದಿದ್ದು, ಇನ್ನೂ ಘಾಟಿದೆ.”

ಎರಡು ಪಟ್ಟಿ ಹಚ್ಚಿಸಿಕೊಂಡು ಕುಬೋ ಹೊರಬಿದ್ದರು. ಬೆನ್ನು ಉರಿಯುತ್ತಿತ್ತು. ಗೋಡೆ ಮರೆಯಾದ ಕೂಡಲೇ ನೆಟ್ಟಗಾಗಿ ಎರಡೆರಡು ಮೆಟ್ಟಿಲು ಹಾರಿ ಓಡಿದರು, ಗೇಟು ಕಂಡೊಡನೆ ಮತ್ತೆ ಬಾಗಿದರು. ಮೂರನೆಯ ಮನೆಯಿಂದಲೂ ಹಲಗೆ ಹೋಗಿತ್ತು, ನಾಲ್ಕನೆಯ ಮನೆಯಿಂದಲೂ ಹೋಗಿತ್ತು. ಬೇರೆ ದಿನಗಳಲ್ಲಿ ಶೂ ಗೂಡಿನ ಮೇಲೆ ವಾರಗಟ್ಟಲೆ ಮಲಗುವ ಹಲಗೆಗೆ ಇಂದು ಕಾಲು ಬಂದಿತ್ತು.

ಐದನೆಯ ಮನೆ ಹೊರಿಕಾವಾ ಅವರದು. ಶಾಲೆಯಲ್ಲಿ ಜೂಡೋ ಕಲಿಸಿ ನಿವೃತ್ತರಾದ ದಢೂತಿ ಆಸಾಮಿ. ಹಲಗೆ ಅಲ್ಲೇ, ಬಾಗಿಲ ಪಕ್ಕದಲ್ಲೇ ಕಾಣುತ್ತಿತ್ತು. ಕುಬೋ ಕೈಚಾಚುವಷ್ಟರಲ್ಲಿ ಹೊರಿಕಾವಾ ಬಂದು ಅವರ ರಟ್ಟೆ ಹಿಡಿದರು.

“ಹೀಗೆ ಬಾಗ್ಕೊಂಡು ಎಷ್ಟು ದಿನ ಇರ್ತೀರ್ರೀ? ಮಲಗಿ ಇಲ್ಲಿ. ಎಂಥೆಂಥಾ ಸೊಂಟ ಸರಿಮಾಡಿದೀನಿ ನಾನು.”

“ಬೇಡ, ಈಗ ಪರವಾಗಿಲ್ಲ...”

“ನೋವಿಲ್ವಾ?”

“ಇದೆ, ಇದೆ.”

“ಹಾಗಾದ್ರೆ ಮಲಗಿ.”

ಚಾಪೆಯ ಮೇಲೆ ಬೋರಲಾಗಿ ಬಿದ್ದ ಕುಬೋ ಅವರ ಬೆನ್ನಿಗೆ ಮೊಣಕಾಲು ಊರಿ ಹೊರಿಕಾವಾ ಒತ್ತಿದರು. ಎಲ್ಲೋ ಏನೋ ಲಟಕ್ ಎಂದಿತು. ಆ ಭಂಗಿಯಲ್ಲೇ ಕುಬೋ ಕಣ್ಣಾರೆ ಕಂಡರು: ಹೊರಿಕಾವಾ ಅವರ ಹೆಂಡತಿ ಬಂದು, ಮೊದಲ ಹಾಳೆಗೆ ಒಂದು ಮೊಹರು, ಎರಡನೆಯದಕ್ಕೆ ಒಂದು ಮೊಹರು ಒತ್ತಿ, ಹಲಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟೇಹೋದರು.

ಮುಂದಿನ ಮನೆಗಳಲ್ಲಿ ಚಹಾ ಕೊಟ್ಟರು, ಕಿತ್ತಳೆ ಕೊಟ್ಟರು, ಸೊಂಟಕ್ಕೆ ಕಟ್ಟುವ ಪಟ್ಟಿ ಕೊಟ್ಟರು, ಯಾರೂ ಹಲಗೆ ಕೊಡಲಿಲ್ಲ. ಮೇಲಿನ ಮನೆಗೆ ಹೋಯಿತು ಎನ್ನುವುದೇ ಎಲ್ಲರ ಉತ್ತರ. ಕುಬೋ ಓಡಿದರು, ಬಾಗಿದರು, ಓಡಿದರು, ಬಾಗಿದರು. ಸಂಜೆಯ ಹೊತ್ತಿಗೆ ತುದಿ ತಲುಪಿದಾಗ ಅಧ್ಯಕ್ಷ ತಾತ್ಸುಮಿ ಕನ್ನಡಕ ಹಾಕಿಕೊಂಡು ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು.

“ಬನ್ನಿ ಬನ್ನಿ. ಇದ್ಯಾವುದೋ ಹಾಳೆ ಹೆಚ್ಚಿಗೆ ಬಂದಿದೆ ನೋಡಿ. ಎಲ್ಲರ ಮೊಹರೂ ಇತ್ತಲ್ಲ ಅಂತ ನಾನೂ ಒತ್ತಿದೆ. ಏನದು?”

“ನೀವು... ಓದಲಿಲ್ವಾ?”

“ಅಷ್ಟು ಜನ ಓದಿ ಒತ್ತಿದಾರಲ್ಲ, ಮತ್ತೆ ನಾನ್ಯಾಕೆ ಓದ್ಲಿ?”

ಕುಬೋ ಹಾಳೆ ಇಸಿದುಕೊಂಡರು. ಒಂಬತ್ತು ಮನೆಯ ಒಂಬತ್ತು ಕೆಂಪು ಮೊಹರು. ಹೊರಿಕಾವಾ ಅವರದು ಸರಿಯಾಗಿ ‘ಕತ್ತೆ’ಯ ಮೇಲೆ ಬಿದ್ದಿತ್ತು. ಮುಂದಿನ ಕುರಿ ಹೋದ ದಾರಿಯಲ್ಲೇ ಮಂದೆಯೆಲ್ಲ ಹೋಗಿತ್ತು, ಒಬ್ಬರೂ ಒಂದಕ್ಷರ ಓದಿರಲಿಲ್ಲ. ಹೋದ ಜೀವ ಬಂದಂತಾಯಿತು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಎದೆಯ ಜೇಬಿಗೆ ಇಳಿಸಿ, ಎಂಥ ಸೋಮಾರಿ ಜನವಪ್ಪಾ ಎಂದು ಮನಸ್ಸಿನಲ್ಲೇ ನಕ್ಕರು.

“ಏನೇ ಹೇಳಿ,” ತಾತ್ಸುಮಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, “ನೀವು ಇಷ್ಟು ಬೇಗ ಒಪ್ತೀರಿ ಅಂದ್ಕೊಂಡಿರಲಿಲ್ಲ.”

“ಏನು ಒಪ್ಪಿದೆ?”

ತಾತ್ಸುಮಿ ಕನ್ನಡಕವನ್ನು ಮತ್ತೆ ಏರಿಸಿ ಮೊದಲ ಹಾಳೆಯನ್ನು ಗಟ್ಟಿಯಾಗಿ ಓದಿದರು. “‘ನನಗೆ ಎಂಬತ್ತೆರಡು ತುಂಬಿದ್ದರಿಂದ, ಏಪ್ರಿಲ್‌ನಿಂದ ಎರಡು ವರ್ಷ ಶ್ರೀ ಕುಬೋ ಇಸಾಮು ಅವರು ಅಧ್ಯಕ್ಷರಾಗಬೇಕೆಂದು ಕೋರಿದೆ. ಅವರ ಸೊಂಟನೋವಿನ ಕಾರಣ ಎತ್ತುವ, ಹೊರುವ ಕೆಲಸವನ್ನೆಲ್ಲ ಉಳಿದವರು ಹಂಚಿಕೊಳ್ಳತಕ್ಕದ್ದು. ಒಪ್ಪದವರು ಹೆಸರಿನ ಕೆಳಗೆ ಬರೆಯುವುದು. ಬರೆಯದೆ ಮೊಹರು ಒತ್ತಿದರೆ ಒಪ್ಪಿದಂತೆ.’ ಮೊದಲನೇ ಮೊಹರೇ ನಿಮ್ಮದು, ಕುಬೋ ಸಾನ್. ನೀವೇ ಒಪ್ಪಿದ ಮೇಲೆ ಬೇರೆಯವರದೇನಿದೆ?”

ಕುಬೋ ಬಾಯಿ ತೆರೆದರು. ಸೊಂಟನೋವು ಎನ್ನೋಣವೆಂದರೆ ಅದಕ್ಕೆ ಪರಿಹಾರ ಬರೆದಾಗಿದೆ. ನೋವಿಲ್ಲ ಎನ್ನೋಣವೆಂದರೆ ಇಷ್ಟು ದಿನದ ನರಳಾಟಕ್ಕೆ ಲೆಕ್ಕ ಕೊಡಬೇಕು. ಓದಲಿಲ್ಲ ಎನ್ನೋಣವೆಂದರೆ, ಜೇಬಿನಲ್ಲಿದ್ದ ಒಂಬತ್ತು ಮೊಹರು ಎದೆಗೆ ಚುಚ್ಚಿದಂತಾಯಿತು. ಅತ್ತ ದರಿ, ಇತ್ತ ಪುಲಿ.

ತಾತ್ಸುಮಿ ಒಳಗಿನಿಂದ ದಪ್ಪನೆಯ ನೀಲಿ ದಿಂಬೊಂದನ್ನು ತಂದು ಕೈಗಿಟ್ಟರು. “ಸಭೆಯಲ್ಲಿ ಬೆನ್ನಿಗೆ ಕೊಟ್ಕೊಳ್ಳೋಕೆ. ಸಂಘದಿಂದಲೇ ತರಿಸಿದ್ದು.”

ದಿಂಬು ತಬ್ಬಿಕೊಂಡು ಕುಬೋ ಮೆಟ್ಟಿಲಿಳಿದರು. ಒಂಬತ್ತೂ ಮನೆಯ ಕಿಟಕಿಗಳಿಂದ ಹೊಸ ಅಧ್ಯಕ್ಷರಿಗೆ ನಮಸ್ಕಾರ ಬಂತು. ಅವರು ಬಾಗಿಯೇ ಇದ್ದುದರಿಂದ ಬೇರೆಯಾಗಿ ಬಾಗಬೇಕಾಗಲಿಲ್ಲ.

ಕಿನುಯೊ ಎಲ್ಲ ಕೇಳಿ ಕೈ ಒರೆಸಿಕೊಂಡರು. ಆಮೇಲೆ ಮೇಜಿನ ಮೇಲಿದ್ದ ದೋಣಿಯ ಟಿಕೆಟ್ಟುಗಳನ್ನು ತೆಗೆದು ಡ್ರಾಯರಿಗೆ ಹಾಕಿದರು.

“ಓದಿ ಒತ್ತಿ ಅಂದಿದ್ದೆ,” ಎಂದರು. “ಮರ ಅಲ್ಲೇ ಇರತ್ತೆ ಬಿಡಿ, ಎರಡು ವರ್ಷಕ್ಕೆ ಅದೇನೂ ಮುದುಕಾಗಲ್ಲ. ಆಗೋದು ನಾವೇ.”

ಕುಬೋ ಬಾಗಿಲ ಬಳಿಯೇ ದಿಂಬು ಹಿಡಿದು ನಿಂತಿದ್ದರು.

“ಇನ್ನೂ ಯಾಕ್ರೀ ಬಾಗ್ಕೊಂಡಿದೀರಿ? ಮನೇಲಿ ಯಾರೂ ನೋಡ್ತಿಲ್ಲ, ನೆಟ್ಟಗೆ ನಿಂತ್ಕೊಳ್ಳಿ.”

“ಆಗ್ತಿಲ್ಲ ಕಣೇ,” ಎಂದರು ಕುಬೋ.