ಮಾತ್ರೆಯ ಕಾವು ಅಳೆದ ಮಾವ

ನಾನು ಓದು ಬಿಟ್ಟಿದ್ದು ಸಾವಿರದ ಒಂಬೈನೂರ ಎಂಬತ್ತಾರರಲ್ಲಿ, ಏಳನೇ ಕ್ಲಾಸಿನ ನಡುವೆ. ಅದಕ್ಕೆ ನನಗೆ ನಾಚಿಕೆಯಿಲ್ಲ. ಅವತ್ತಿನಿಂದ ಈ ಕೈ ಒಂದು ದಿನವೂ ಸುಮ್ಮನೆ ಕೂತಿಲ್ಲ. ಆದರೆ ಹತ್ತು ವರ್ಷ ಕಳೆದ ಮೇಲೆ ನನ್ನನ್ನು ಕೂರಿಸಿ ಮತ್ತೆ ಪೆನ್ಸಿಲು ಹಿಡಿಸಿದ ಒಬ್ಬ ಮನುಷ್ಯ ಇದ್ದಾರೆ. ಲೋಕದ ಜನ ಸೀನಿದರೆ ಮೂಗು ಒರೆಸಿಕೊಳ್ಳುತ್ತಾರೆ. ಇವರು ಸೀನಿದರೆ ಗೆರೆ ಎಳೆಯುತ್ತಾರೆ!

ಇವರು ನನ್ನ ತಾಯಿಯ ತಮ್ಮ. ಆಮೇಲೆ ಮಗಳನ್ನೂ ನನಗೇ ಕೊಟ್ಟು ಎರಡು ಕಡೆಯಿಂದಲೂ ಮಾವನಾದರು. ಒಂದು ಕಡೆ ತಪ್ಪಿಸಿಕೊಂಡರೆ ಇನ್ನೊಂದು ಕಡೆ ಹಿಡಿಯಬಹುದಲ್ಲ, ಅದಕ್ಕೇ ಇರಬೇಕು. ಪಿರಿಯಾಪಟ್ಟಣದ ಈಚೆ ನಮ್ಮ ಕಡೆಯೆಲ್ಲ ಹೊಗೆಸೊಪ್ಪು. ಸೊಪ್ಪನ್ನು ಬಿಸಿಗಾಳಿಯಲ್ಲಿ ಬೇಯಿಸುವ ಮನೆಗೆ ಬ್ಯಾರನ್ ಅನ್ನುತ್ತೇವೆ. ಅದಕ್ಕೆ ಬೇರೆಯವರು ಎಲೆ ಮುಟ್ಟಿ, ಮೂಸಿ, ಅಂದಾಜಿನ ಮೇಲೆ ಸೌದೆ ಹಾಕಿದರೆ, ನಮ್ಮ ಮಾವ ಗಂಟೆಗೊಮ್ಮೆ ಥರ್ಮಾಮೀಟರ್ ನೋಡಿ, ಹಳೇ ಕ್ಯಾಲೆಂಡರಿನ ಬೆನ್ನಿಗೆ ಚುಕ್ಕಿ ಇಟ್ಟು, ಚುಕ್ಕಿಗೆ ಚುಕ್ಕಿ ಸೇರಿಸಿ, ಗೆರೆ ನೋಡಿ ಸೌದೆ ಹಾಕುತ್ತಿದ್ದರು. ಓದಿದ್ದು ಎಷ್ಟು ಅಂತೀರಿ? ನನಗಿಂತ ಒಂದೇ ಕ್ಲಾಸು ಜಾಸ್ತಿ!

ತೊಂಬತ್ತಾರರಲ್ಲಿ ಸೊಪ್ಪು ಮುರಿಯುವ ಹೊತ್ತಿಗೆ, ಮಗಳು ಇನ್ನೂ ಅಂಬೆಗಾಲಿಡುವಾಗ, ನನ್ನ ಹೆಂಡತಿಗೆ ಕ್ಷಯ ಅಂತ ಗೊತ್ತಾಯಿತು. ಆಸ್ಪತ್ರೆಯಲ್ಲಿ ನಾಲ್ಕು ಬಗೆಯ ಮಾತ್ರೆ ಕೊಟ್ಟರು. ಡಾಕ್ಟರು ಎರಡು ಮಾತು ಹೇಳಿದರು. "ವಾಂತಿ, ಸಂಕಟ ಆಗುತ್ತೆ, ಹೆದರಿ ಮಾತ್ರೆ ಬಿಡಬೇಡಿ. ಆದರೆ ಕಣ್ಣು ಮಂಜಾದರೆ, ಬಣ್ಣ ಗೊತ್ತಾಗದೆ ಹೋದರೆ, ಅವತ್ತೇ ಓಡಿ ಬನ್ನಿ." ನನಗೆ ಕೇಳಿಸಿದ್ದು ಮೊದಲನೇ ಮಾತು. ಮಾವನಿಗೆ ಎರಡೂ ಕೇಳಿಸಿತ್ತು.

ಮಾರನೇ ದಿನವೇ ಸೈಕಲ್ಲಿನಲ್ಲಿ ಬಂದರು. ಕಂಕುಳಲ್ಲಿ ಕ್ಯಾಲೆಂಡರು!

"ನೋಡವ್ವ, ಇನ್ಮೇಲೆ ದಿನಾ ಸಂಕಟಕ್ಕೆ ನಂಬರು ಕೊಡ್ಬೇಕು. ಬಾಯಲ್ಲಿ ನೀರೂರುದ್ರೆ ಒಂದು. ತಟ್ಟೆ ದೂರ ತಳ್ಳುದ್ರೆ ಮೂರು. ವಾಂತಿ ಆದ್ರೆ ಐದು."

"ತಟ್ಟೇನ ಗಂಡನ ಮೇಲೆ ಎಸುದ್ರೆ?" ಅಂದಳು ಇವಳು.

"ಆರು," ಅಂದರು ಮಾವ, ನಗದೆ. ಬರೆದೂ ಬಿಟ್ಟರು!

"ಅಪ್ಪ, ನಾನೇನು ಹೊಗೆಸೊಪ್ಪಾ?"

"ಸೊಪ್ಪು ಬಾಯ್ಬುಟ್ಟು ಹೇಳಲ್ಲ, ನೀನು ಹೇಳ್ತೀಯ. ಅಷ್ಟೇಯ ವ್ಯತ್ಯಾಸ."

ಎರಡನೇ ವಾರ ಒಂದು ದಿನ ಮೂರು ಸಲ ವಾಂತಿಯಾಯಿತು. ನಾನು ಗಾಬರಿಯಾಗಿ ಮಾತ್ರೆ ನಿಲ್ಲಿಸೋಣ ಅಂದೆ. ಮಾವ ಕ್ಯಾಲೆಂಡರು ಬಿಚ್ಚಿದರು. "ಲೇ ಅಳಿಯ, ಒಂದು ದಿನದ ಚುಕ್ಕಿ ನಂಬ್ಬಾರ್ದು ಕಣ್ಲಾ. ಏಳು ದಿನದ್ದು ಕೂಡ್ಸು, ಏಳರಿಂದ ಭಾಗ್ಸು. ಹೋದ ವಾರಕ್ಕಿಂತ ಈ ವಾರ ಇಳ್ದದೆ. ಅದ್ಸರಿ, ನೆನ್ನೆ ಏನು ಉಂಡ್ರಿ?"

"ಒಣಮೀನಿನ ಸಾರು."

"ನಿಂಗೆ ಹೊಟ್ಟೆ ಸರಿಯಾಗಿತ್ತಾ?"

ಇರಲಿಲ್ಲ. ಇಬ್ಬರು ಉಂಡು ಇಬ್ಬರಿಗೂ ಕೆಟ್ಟರೆ ತಪ್ಪು ಮೀನಿನದು, ಮಾತ್ರೆಯದಲ್ಲ ಅಂತ ತೀರ್ಮಾನವಾಯಿತು. ಅಷ್ಟಕ್ಕೇ ಮುಗಿಯಿತೇ? ಅವತ್ತಿನಿಂದ ಅವಳು ಉಂಡಿದ್ದನ್ನೇ, ಅಷ್ಟೇ ಹೊತ್ತಿಗೆ, ನಾನೂ ಉಣ್ಣಬೇಕು! ಸಪ್ಪೆ ಗಂಜಿ, ಬೇಯಿಸಿದ ದಂಟಿನ ಸೊಪ್ಪು. ಸೌದೆ ಒಡೆಯುವ ಗಂಡಸು ಗಂಜಿ ಕುಡಿದು ಬದುಕುವುದು ಹೇಗೆ ಸ್ವಾಮಿ? ಕೇಳಿದರೆ, "ನೀನು ಮಾತ್ರೆ ತಿನ್ನದೇ ಇರೋ ಅವಳು ಕಣ್ಲಾ" ಅಂದರು. ಮಾವ ಹೇಳಿದಂತೆ ಇಳಿಯುತ್ತಾ ಒಂದೂವರೆ ತಿಂಗಳಿಗೆ ಸಂಕಟದ ಗೆರೆ ನೆಲ ಮುಟ್ಟಿತು. ನನ್ನ ಸೊಂಟದ ಸುತ್ತಳತೆಯೂ!

ಆದರೆ ಕಣ್ಣಿನ ಗೆರೆ ಬೇರೆ ಇತ್ತು. ದಿನಾ ಕೇಳುವರು, "ಕಣ್ಣು ಎಂಗೈತವ್ವ?" ಇವಳು ದಿನಾ ಹೇಳುವಳು, "ಸೊನ್ನೆ ಕಣಪ್ಪ, ಚೆನ್ನಾಗೈತೆ." ಅವರು ಸೊನ್ನೆ ಬರೆದುಕೊಂಡು, ಪಕ್ಕದಲ್ಲಿ ಇನ್ನೊಂದು ಕೆಲಸ ಶುರು ಮಾಡಿದ್ದರು. ಬ್ಯಾರನ್ನಿನಲ್ಲಿ ಬೆಂದ ಹೊಗೆಸೊಪ್ಪನ್ನು ಬಣ್ಣ ನೋಡಿ ಬೇರೆ ಮಾಡುವುದರಲ್ಲಿ ಇವಳನ್ನು ಮೀರಿಸಿದವರಿಲ್ಲ. ಮಾವ ದಿನಾ ನೂರು ಎಲೆ ಕಲಸಿ ಕಿಟಕಿ ಪಕ್ಕ ಇಡುವರು. ನಿಂಬೆ ಬಣ್ಣದ್ದು, ಕಿತ್ತಳೆ, ಕಂದು, ಹಸಿರಾಗೇ ಉಳಿದದ್ದು. ಅವಳು ವಿಂಗಡಿಸಬೇಕು, ಆಮೇಲೆ ಅದೇ ನೂರನ್ನು ನಾನೂ ವಿಂಗಡಿಸಬೇಕು. ಅವಳ ತಪ್ಪು ಒಂದೋ ಎರಡೋ. ನನ್ನದು ಹತ್ತರ ಮೇಲೆ. "ಇಂಥೋನ್ಗೆ ಕೊಟ್ಟಲ್ಲಪ್ಪ ನನ್ನ," ಅಂತ ಅವಳು ಬಾಯಿಗೆ ಸೆರಗು ಇಟ್ಟು ನಗುವಳು.

ಮೂರನೇ ತಿಂಗಳಲ್ಲಿ ಅವಳ ತಪ್ಪು ನಾಲ್ಕಾಯಿತು. ಐದು. ಏಳು. ಹಸಿರೆಲೆ ಕಂದಿನ ಗುಡ್ಡೆಗೆ ಹೋಗುತ್ತಿತ್ತು.

"ಮೋಡ ಮಾವ, ಬೆಳಕು ಸಾಲ್ದು," ಅಂದೆ.

"ಬೆಳಕು ಕಮ್ಮಿ ಆಗಿದ್ರೆ ನಿಂದೂ ಏರ್ಬೇಕಾಗಿತ್ತು. ನಿಂದು ಮೊದ್ಲಿಂದ್ಲೂ ಅಷ್ಟೇ ಅದೆ."

ನನ್ನ ಹತ್ತು ತಪ್ಪಿಗೂ ಒಂದು ಬೆಲೆ ಇದೆ ಅಂತ ಯಾವ ಮೇಷ್ಟ್ರೂ ನನಗೆ ಹೇಳಿರಲಿಲ್ಲ! ವಾಂತಿಗೆ ಮನೆಯವರೆಲ್ಲ ಕೂಗಾಡಿದ್ದೆವು, ಅದು ಇಳಿಯಿತು. ಸದ್ದೇ ಮಾಡದೆ ಇದೊಂದು ಗೆರೆ ಏರುತ್ತಾ ಬಂದಿತ್ತು.

ಇವಳು ಆಸ್ಪತ್ರೆಗೆ ಬರಲ್ಲ ಅಂತ ಹಟ ಹಿಡಿದಳು. "ಮಾತ್ರೆ ನಿಲ್ಸ್‌ಬುಟ್ರೆ ಕಾಯ್ಲೆ ತಿರ್ಗಾ ಬತ್ತದೆ. ಮಗೀಗೆ ಅಂಟ್ಕಂಡ್ರೆ? ಕಣ್ಣು ಹೋದ್ರೆ ಹೋಗ್ಲಿ ಬುಡು!" ಆಗ ಗೊತ್ತಾಯಿತು, ಹದಿನೈದು ದಿನದಿಂದ ಅವಳಿಗೆ ಮಂಜು ಕಾಣುತ್ತಿತ್ತು. ಮಾವ ಕೂಗಾಡಲಿಲ್ಲ. ಕ್ಯಾಲೆಂಡರು ಸುರುಳಿ ಸುತ್ತಿ, "ನೀನು ಬರಲ್ಲ ಅಂದ್ರೆ ಇದ್ನೇ ಕರ್ಕಂಡು ಓಯ್ತೀನಿ," ಅಂತ ಹೊರಟೇ ಬಿಟ್ಟರು. ಅವಳು ಹಿಂದೆ ಓಡಿದಳು, ಅವಳ ಹಿಂದೆ ನಾನು.

ಡಾಕ್ಟರು ಸುರುಳಿಯನ್ನು ಮೇಜಿನ ಮೇಲೆ ಹರಡಿ, ಎದ್ದು ನಿಂತು ನೋಡಿದರು. "ಇದನ್ನ ಯಾರು ಹೇಳಿಕೊಟ್ಟರು ನಿಮಗೆ?"

"ಬ್ಯಾರನ್ನು," ಅಂದರು ಮಾವ.

ನಾಲ್ಕರಲ್ಲಿ ಕಣ್ಣಿಗೆ ಹೊಡೆಯುವ ಮಾತ್ರೆ ಒಂದೇ ಅಂತೆ. ಅದೊಂದನ್ನು ನಿಲ್ಲಿಸಿ, ಮಿಕ್ಕಿದ್ದು ತಪ್ಪದೆ ತಿನ್ನಿ ಅಂದರು. ಮೈಸೂರಿಗೆ ಕಳಿಸಿ ಕಣ್ಣನ್ನೂ ನೋಡಿಸಿದರು. ತಡ ಮಾಡಿದ್ದರೆ ಹೋದದ್ದು ತಿರುಗಿ ಬರುವುದು ಕಷ್ಟವಿತ್ತು ಅಂದರು ಅಲ್ಲಿಯವರು.

ಮೈಸೂರಿಗೆ ಹೋಗುವ ಮೊದಲು, ಅವತ್ತು ನಾವು ಎದ್ದು ಹೊರಡುವಾಗ, ನಮ್ಮ ಡಾಕ್ಟರು ಗೆರೆಯ ಮೇಲೆ ಬೆರಳಿಟ್ಟು ಕೇಳಿದ್ದರು, "ಸಂಕಟಕ್ಕೆ ದಿನಕ್ಕೆರಡು ಚುಕ್ಕಿ ಇದೆಯಲ್ಲ ಯಜಮಾನ್ರೆ, ಪೆನ್ಸಿಲಲ್ಲಿ ಒಂದು, ಕೆಂಪಲ್ಲಿ ಒಂದು?" ದಿನಾ ನೋಡಿದ ನನಗೂ ಅದು ತಿಳಿದಿರಲಿಲ್ಲ.

"ಪೆನ್ಸಿಲಿಂದು ಅವಳು ಹೇಳಿದ್ದು ಸಾ. ಕೆಂಪಿಂದು ನಿಜವಾಗ್ಲೂ ಇದ್ದದ್ದು. ಇವಳು ಎರಡು ಅಂದ್ರೆ ಮೂರು ಅಂತ ತಿಳ್ಕೋಬೇಕು. ತಟ್ಟೇಲಿ ಬುಟ್ಟ ಅನ್ನ ನೋಡಿ ಗೊತ್ತುಮಾಡ್ಕಂಡೆ."

"ಯಾವಾಗ್ಲೂ ಒಂದು ಕಮ್ಮೀನೇ ಹೇಳ್ತಾರಾ?"

ಮಾವ ಮಗಳ ಕಡೆ ನೋಡದೆ, ಕ್ಯಾಲೆಂಡರಿನ ಮೂಲೆ ನೀವುತ್ತಾ ಹೇಳಿದರು. "ಇವರವ್ವ ತೀರ್ಕಂಡಾಗ ಇವಳ್ಗೆ ಆರು ವರ್ಸ ಸಾ. ಹೊಲದಿಂದ ಬಂದು ಹಸಿವಾ ಮಗಾ ಅಂದ್ರೆ, ಇಲ್ಲ ಕಣಪ್ಪ ಅನ್ನೋಳು. ಅಪ್ಪ ಸುಸ್ತಾಗವ್ನೆ, ಒಲೆ ಹಚ್ಬೇಕಾಯ್ತದಲ್ಲ ಅಂತ. ಆವತ್ತಿಂದ ಇವಳು ಏನೇ ಅಂದ್ರೂ ಒಂದು ಸೇರಿಸ್ಕತೀನಿ."

ನನ್ನ ಹೆಂಡತಿ ಸೆರಗು ಮುಖಕ್ಕೆ ಹಿಡಿದಳು. ಡಾಕ್ಟರು ಕನ್ನಡಕ ತೆಗೆದು ಒರೆಸಿದರು.

ಬಣ್ಣ ನಿಧಾನವಾಗಿ ತಿರುಗಿ ಬಂತು. ಅವಳ ಕಾಯಿಲೆಯೂ ವಾಸಿಯಾಯಿತು. ಈಗ ನನಗಿರುವುದು ಇಷ್ಟು: ಎರಡೂವರೆ ಎಕರೆ ಹೊಲ, ಒಂದು ಬ್ಯಾರನ್ನು, ಎರಡು ಎಮ್ಮೆ, ಒಬ್ಬಳು ಮಗಳು, ಎರಡು ಕಡೆಯಿಂದಲೂ ಒಬ್ಬರೇ ಮಾವ, ಒಬ್ಬಳು ಹೆಂಡತಿ. ಅವಳಿಗೆ ಎರಡು ಕಣ್ಣು.