ಗೇಟಿನವರೆಗೆ ಬಂದ ನನ್ನ ಎಂ.ಎ.

ಮೂವತ್ತು ವರ್ಷ ಹೈಸ್ಕೂಲ್ ಮೇಷ್ಟ್ರಾಗಿ ನರಸಿಂಹರಾಜಪುರದ ಅರ್ಧ ಜನಕ್ಕೆ ಬುದ್ಧಿ ಹೇಳಿದವನು ನಾನು. ಉಳಿದರ್ಧಕ್ಕೆ ಚರ್ಚಿನ ಅಂಗಳದಲ್ಲಿ ಪುಕ್ಕಟೆಯಾಗಿ ಹೇಳಿದ್ದೇನೆ. ಹಾಗಾಗಿ, ನಿವೃತ್ತನಾದ ಮೇಲೆ ಕ್ರೈಸ್ತ ದೃಷ್ಟಿಯ ಆಪ್ತಸಮಾಲೋಚನೆಯಲ್ಲಿ ಅಂಚೆ ಮೂಲಕ ಎಂ.ಎ. ಮಾಡಲು ಹೊರಟಾಗ ನನಗೆ ಕಿಂಚಿತ್ತೂ ಅಳುಕಿರಲಿಲ್ಲ. ಪಾಸಾದರೆ ಚರ್ಚಿನ ಪಕ್ಕದ ಕೋಣೆಯಲ್ಲಿ ಸಲಹಾ ಕೇಂದ್ರ ತೆರೆಯಲು ಫಾದರ್ ಒಪ್ಪಿದ್ದರು. ನಾನು ಬೋರ್ಡನ್ನೂ ಬರೆಸಿಬಿಟ್ಟೆ!

“ಪಾಸಾದ ಮೇಲೆ ಬರೆಸಿದ್ರೆ ಆಗ್ತಿರಲಿಲ್ವ?” ಎಂದಳು ನನ್ನ ಹೆಂಡತಿ ಲೂಸಿ. ಅವಳ ಮಾತನ್ನು ಎಂದಿನಂತೆ ಕಿವಿಗೆ ಹಾಕಿಕೊಳ್ಳಲಿಲ್ಲ.

ಪರೀಕ್ಷೆಗಳೆಲ್ಲ ಸಲೀಸಾಗಿ ಮುಗಿದವು. ಉಳಿದದ್ದು ಒಂದೇ. ಕಷ್ಟದಲ್ಲಿರುವ ಯಾರ ಜೊತೆಗಾದರೂ ಐವತ್ತು ನಿಮಿಷ ಮಾತಾಡಿ, ಅವರ ಒಪ್ಪಿಗೆ ಪಡೆದು ಅದನ್ನು ರೆಕಾರ್ಡ್ ಮಾಡಿ ಕಳಿಸಬೇಕು. ನನ್ನ ಮಾರ್ಗದರ್ಶಕಿ ಒಬ್ಬ ಸಿಸ್ಟರ್. ಮೊಮ್ಮಗಳಲ್ಲದಿದ್ದರೂ ಮಗಳ ವಯಸ್ಸು! ಅವರು ಹಾಕಿದ ಷರತ್ತು ಕೇಳಿ ನನಗೆ ಮೈಯೆಲ್ಲ ಉರಿಯಿತು.

“ಬುದ್ಧಿ ಹೇಳಬಾರದು ಸರ್. ಉಪದೇಶ ಮಾಡಬಾರದು. ಅವರಾಗಿ ಕೇಳದೆ ಪ್ರಾರ್ಥನೆಯೂ ಬೇಡ. ಸುಮ್ಮನೆ ಕಿವಿ ಕೊಡಿ. ಅದೇ ನಮ್ಮ ಸೇವೆ.”

ಬುದ್ಧಿ ಹೇಳಬಾರದಂತೆ! ಕಿವಿ ಹುಟ್ಟುವಾಗಲೇ ಎರಡು ಬಂದಿವೆ, ಅದಕ್ಕೆ ಎಂ.ಎ. ಯಾಕೆ?

ಸಾಲದ್ದಕ್ಕೆ, ಮಾತಾಡಲು ಬರುವವರು ನೆಂಟರಾಗಿರಬಾರದು, ಶಿಷ್ಯರಾಗಿರಬಾರದು, ನಮ್ಮ ಚರ್ಚಿನವರಾಗಿರಬಾರದು. ನಮ್ಮ ಪೇಟೆಯನ್ನು ಹಾಗೆ ಸೋಸಿದರೆ ಉಳಿಯುವುದು ಬಸ್ ಸ್ಟ್ಯಾಂಡಿನ ಬೆಂಚೊಂದೇ! ಕಡೆಗೆ ಕೊಪ್ಪದ ಬಸ್ಸಿನಲ್ಲಿ ಭಂಡಿಗಡಿಯ ಶೀನಪ್ಪ ಎಂಬುವವರ ಪರಿಚಯವಾಯಿತು. ಎರಡು ತಿಂಗಳಿಂದ ನಿದ್ದೆಯೇ ಇಲ್ಲ ಎಂದರು. ನಾನು ಮನಸ್ಸಿನಲ್ಲೇ ದೇವರಿಗೆ ಸ್ತೋತ್ರ ಹೇಳಿ ಅವರನ್ನು ಭಾನುವಾರ ಮನೆಗೆ ಕರೆದೆ.

ಅವರು ಬಂದರು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ನಾನು ರೆಕಾರ್ಡಿಂಗ್ ಒತ್ತಿ, ಫೋನನ್ನು ಮೇಜಿನ ಮೇಲಿಟ್ಟು, ಕಿವಿ ಕೊಟ್ಟು ಕೂತೆ.

“ಹೇಳಿ.”

“ಹೇಳಕ್ಕೆ ಎಂತ ಇದೆ ಮಾರಾಯ್ರೆ.”

ಮೌನವನ್ನು ಮಾತಿನಿಂದ ತುಂಬಬಾರದೆಂದು ಪಾಠದಲ್ಲಿತ್ತು. ಸುಮ್ಮನಾದೆ. ಅವರೂ ಸುಮ್ಮನಾದರು. ಐದು ನಿಮಿಷ ನೋಡಿ ಅವರೇ ಗಾಬರಿಯಾದರು.

“ಎಂತ ಮೇಷ್ಟ್ರೆ, ಹುಷಾರಿಲ್ವ? ಶುಗರ್ ಗಿಗರ್ ಇದ್ಯ? ಬೆಳಿಗ್ಗೆ ಬೇಗ ಎದ್ದು ನಡೀಬೇಕು ನೀವು.”

ನನಗೇ ಬುದ್ಧಿ! ಅದೂ ನನ್ನದೇ ರೆಕಾರ್ಡಿಂಗಿನಲ್ಲಿ! ಇನ್ನು ತಡೆಯಲಾಗಲಿಲ್ಲ. ನಿದ್ದೆಯ ಕುರಿತು ಶುರು ಮಾಡಿದೆ. ಊಟ, ವ್ಯಾಯಾಮ, ಶಿಸ್ತು, ಭಕ್ತಿ, ಒಂಬತ್ತನೇ ಕ್ಲಾಸಿನ ಜೀವಶಾಸ್ತ್ರ, ಒಂದನ್ನೂ ಬಿಡಲಿಲ್ಲ. ಶೀನಪ್ಪನವರು “ಹೌದು, ಹೌದು” ಎನ್ನುತ್ತ ಕೇಳಿದರು. ಐವತ್ತು ನಿಮಿಷವಾಯಿತು, ಫೋನ್ ಆಫ್ ಮಾಡಿದೆ.

ನಮ್ಮ ಕಡೆಯವರ ವಿಷಯ ಗೊತ್ತಲ್ಲ. ಒಳಗೆ ಕೂತು ಊರ ಸುದ್ದಿಯೆಲ್ಲ ಆಡಿ, ಚಪ್ಪಲಿ ಮೆಟ್ಟಿ, ಗೇಟಿನ ಚಿಲಕಕ್ಕೆ ಕೈ ಹಾಕಿದ ಮೇಲೆಯೇ ಬಂದ ಕೆಲಸ ಬಾಯಿಗೆ ಬರುವುದು. ಅರವತ್ತು ವರ್ಷ ಇಲ್ಲೇ ಬದುಕಿದ ನಾನು ಅದನ್ನೇ ಮರೆತಿದ್ದೆ! ಶೀನಪ್ಪನವರು ಚಿಲಕ ಹಿಡಿದು ನಿಂತರು. ಜಗಲಿಯಲ್ಲಿ ಲೂಸಿ ಬಟ್ಟೆ ಮಡಚುತ್ತಿದ್ದಳು.

“ಮತ್ತೆಂತ ಅಂದ್ರೆ ಮೇಷ್ಟ್ರೆ... ನನ್ನ ಮಗಳು...”

ಬಂತು! ನನ್ನ ಎಂ.ಎ. ಬಂತು! ಫೋನ್ ಮಾತ್ರ ಒಳಗೆ ಮೇಜಿನ ಮೇಲಿತ್ತು. ಅವರು ಹೇಳುತ್ತಲೇ ಹೋದರು. ನಾನು ತಲೆಯಾಡಿಸುತ್ತ, ಈಗ ಓಡಲೇ, ಇನ್ನೊಂದು ಚೂರು ಬಿಟ್ಟು ಓಡಲೇ ಎಂದು ಒದ್ದಾಡಿದೆ. ಕಾಲು ಗಂಟೆಯಾದಾಗ “ಒಂದ್ನಿಮಿಷ, ಹಾಗೇ ಹಿಡ್ಕೊಳ್ಳಿ!” ಎಂದು ಒಳಗೆ ಓಡಿದೆ. ಫೋನ್ ತಂದು ಅವರ ಬಾಯಿಯ ಹತ್ತಿರ ಚಾಚಿದೆ.

“ಮಗಳು ಅಂದ್ರಲ್ಲ, ಅಲ್ಲಿಂದ ಹೇಳಿ.”

ಅವರು ಫೋನನ್ನು ನೋಡಿದರು. ನನ್ನನ್ನೂ ನೋಡಿದರು.

“ಎಂತ ಇಲ್ಲ ಮೇಷ್ಟ್ರೆ. ಬಸ್ಸಿಗೆ ಹೊತ್ತಾಯ್ತು.”

ಬೇರೆ ದಾರಿಯಿಲ್ಲದೆ ಒಳಗಿನ ರೆಕಾರ್ಡಿಂಗನ್ನೇ ಕಳಿಸಿದೆ. ಮೂರನೇ ದಿನ ಸಿಸ್ಟರ್ ಫೋನ್ ಮಾಡಿದರು. ಲೂಸಿಯೂ ನನ್ನ ಯಶಸ್ಸನ್ನು ಕೇಳಲಿ ಎಂದು ಸ್ಪೀಕರ್ ಹಾಕಿದೆ.

“ಸರ್, ಇದರಲ್ಲಿ ಪೂರ್ತಿ ನೀವೇ ಮಾತಾಡಿದ್ದೀರಿ. ಪಾಸ್ ಮಾಡೋಕೆ ಆಗಲ್ಲ.”

ನನ್ನ ಪಿತ್ತ ನೆತ್ತಿಗೇರಿತು. “ನಮ್ಮ ಜನ ಬಾಯಿ ಬಿಡೋದೇ ಗೇಟಿನ ಹತ್ತಿರ! ಅದು ನನ್ನ ತಪ್ಪಾ? ನಿಮ್ಮ ಸಿಲೆಬಸ್ಸಲ್ಲಿ ಗೇಟು ಎಲ್ಲಿದೆ ತೋರಿಸಿ!”

ಸಿಸ್ಟರ್ ಕೂಡಲೇ ಒಪ್ಪಿದರು. “ನೀವು ಹೇಳೋದು ನ್ಯಾಯ. ರೆಕಾರ್ಡಿಂಗ್ ಬೇಡ. ಗೇಟಿನ ಹತ್ತಿರ ಅವರು ಹೇಳಿದ್ದನ್ನ ನನಗೆ ಹೇಳಿ. ಅದನ್ನೇ ತಗೊಳ್ತೀನಿ.”

ಗೆದ್ದೆ! “ಮಗಳ ವಿಷಯ ಸಿಸ್ಟರ್.”

“ಮಗಳ ವಿಷಯ ಏನು?”

ನೆನಪಿಸಿಕೊಳ್ಳಲು ನೋಡಿದೆ. ಆ ಕಾಲು ಗಂಟೆ ನನ್ನ ತಲೆಯಲ್ಲಿದ್ದದ್ದು ಮೇಜು, ಮೇಜಿನ ಮೇಲಿನ ಫೋನು.

ಲೂಸಿ ಹತ್ತಿರ ಬಂದಳು. “ಶೀನಪ್ಪನೋರು ತನ್ನ ಮದುವೆಗೆ ಬರಲಿಲ್ಲ ಅಂತ ಮಗಳು ಮಾತು ಬಿಟ್ಟಿದ್ದಾಳೆ. ಶೃಂಗೇರಿ ಬಸ್ಸಲ್ಲಿ ಸಿಕ್ಕಿದ್ಲಂತೆ. ಎದ್ದು ಅಪ್ಪನಿಗೆ ಸೀಟು ಬಿಟ್ಟುಕೊಟ್ಟು, ಇಳಿಯೋವರೆಗೆ ಮುಖ ತಿರುಗಿಸಿ ನಿಂತಿದ್ಲಂತೆ. ಅದನ್ನ ಹೇಳಿ ಅತ್ರಲ್ಲ, ಪಾಪ.”

“ಅತ್ರಾ?” ಎಂದೆ ನಾನು.

ಸಿಸ್ಟರ್ ಫೋನನ್ನು ಲೂಸಿಗೆ ಕೊಡಲು ಹೇಳಿದರು. ಕೊಟ್ಟೆ.