ನಾಲ್ಕು ಜ್ವರ ದಾಟಿದವರಿಗೆ ಹತ್ತು ಪೈಸೆಯ ಬಸ್ಸು

ಶಿಡ್ಲಘಟ್ಟ ಪಟ್ಟಣದಲ್ಲಿ ೧೯೮೯ನೇ ಇಸವಿ ಜೂನ್ ಒಂದರಂದು ಇದ್ದ ಕಾರುಗಳ ಸಂಖ್ಯೆ ಮೂರು. ಅಂದಾಜಿನ ಮಾತಲ್ಲ, ಖುದ್ದು ಎಣಿಸಿದ್ದೇನೆ. ಎಣಿಸಲು ಹನ್ನೊಂದು ದಿನ ಕೊಟ್ಟಿದ್ದರು, ಹನ್ನೊಂದು ದಿನವೂ ಎಣಿಸಿದೆ. ಒಂದು ಡಾಕ್ಟರರ ಫಿಯೆಟ್ಟು, ಇನ್ನೊಂದು ರೇಷ್ಮೆ ವ್ಯಾಪಾರಿ ಸಾದಿಕ್ ಪಾಷಾ ಸಾಹೇಬರ ಅಂಬಾಸಿಡರ್, ಮೂರನೆಯದು ನಮ್ಮ ಕಚೇರಿಯದೇ ಜೀಪು. ಜೀಪನ್ನು ಕಾರೆಂದು ಬರೆಯಬಹುದೇ ಎಂದು ಪತ್ರ ಬರೆದು ಕೇಳಿದ್ದೆವು. ಬರೆಯಬಹುದು ಎಂದು ಉತ್ತರ ಬಂತು.

ನಮ್ಮ ಕಚೇರಿ ಎಂದರೆ ‘ಪಟ್ಟಣ ಅಗ್ಗದ ಸಾರಿಗೆ ಪ್ರಾಯೋಗಿಕ ಘಟಕ’. ನಾನು ಅಲ್ಲಿ ಟೈಪಿಸ್ಟು. ಮೇಲಿನಿಂದ ಬಂದ ಆದೇಶ ಸ್ಪಷ್ಟವಾಗಿತ್ತು. ಬಸ್ ಪ್ರಯಾಣ ಎಷ್ಟು ಅಗ್ಗವಾಗಬೇಕೆಂದರೆ, ಕೆಲಸಕ್ಕೆ ಕಾರಿನಲ್ಲಿ ಹೋಗುವವರು ತಾವಾಗಿಯೇ ಕಾರು ಬಿಟ್ಟು ಬಸ್ಸು ಹತ್ತಬೇಕು. ಟಿಕೆಟ್ಟು ಹತ್ತು ಪೈಸೆ. ಮಾರ್ಚ್ ಮೂವತ್ತೊಂದರೊಳಗೆ ಐವತ್ತು ಮಂದಿ ಕಾರು ಬಿಟ್ಟಿರತಕ್ಕದ್ದು. ಯಾವುದೋ ದೊಡ್ಡ ಊರಿಗೆ ಬರೆದ ಆದೇಶದ ನಕಲು ನಮಗೂ ಬಂದಿತ್ತು ಅಂತ ಕಾಣುತ್ತದೆ. ಮೂರು ಕಾರಿನ ಊರಿನಲ್ಲಿ ಐವತ್ತು ಮಂದಿ ಎಲ್ಲಿಂದ ಬರುತ್ತಾರೆಂದು ಕಚೇರಿಯಲ್ಲಿ ಯಾರೂ ಕೇಳಲಿಲ್ಲ. ನಾನಂತೂ ಕೇಳಲಿಲ್ಲ, ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ಹೊಚ್ಚ ಹೊಸ ಬಸ್ಸು ಬಂತು. ಮುಂದಿನ ಸೋಮವಾರ ಬೆಳಿಗ್ಗೆ ಆರಕ್ಕೆ ಊರಾಚೆಯ ಹೊಸ ಕಾಲನಿಯಿಂದ ಹೊರಟಿತು. ಮೊದಲು ಕೈ ಅಡ್ಡ ಹಿಡಿದವಳು ಮುನಿಶಾಮಮ್ಮ. ಅಸದುಲ್ಲಾ ಸಾಹೇಬರ ಶೆಡ್ಡಿನಲ್ಲಿ ಬಿಸಿನೀರಿನ ಬೇಸಿನ್ನಿನ ಮುಂದೆ ಕೂತು ರೇಷ್ಮೆ ಗೂಡಿನಿಂದ ನೂಲು ಬಿಚ್ಚುವುದು ಆಕೆಯ ಕೆಲಸ. ಕಾಲನಿಯಿಂದ ಶೆಡ್ಡಿಗೆ ಮೂರು ಮೈಲಿ. ಇಪ್ಪತ್ತು ವರ್ಷ ನಡೆದು ನಡೆದು ಮಂಡಿ ಸವೆದಿತ್ತು. ಏಳು ಗಂಟೆ ದಾಟಿ ಬಂದವರ ಬೇಸಿನ್ನು ಆ ದಿನ ಬೇರೆಯವರಿಗೆ. ಇನ್ನು ಮೂರು ಸಲ ತಡವಾದರೆ ಬೇಸಿನ್ನೇ ಕೈಬಿಡುತ್ತದೆ ಎಂದು ಅಸದುಲ್ಲಾ ಹೇಳಿಯಾಗಿತ್ತು.

ಕಂಡಕ್ಟರ್ ಕೋನಪ್ಪ ಬಾಗಿಲಲ್ಲೇ ನಿಲ್ಲಿಸಿದ.

“ಅಕ್ಕಾ, ನಿಂಗೆ ಕಾರ್ ಐತಾ?”

“ಏಮಯ್ಯಾ ಕೋನಪ್ಪ, ತಮಾಷೆನಾ? ಕಾಲೇ ಸರಿಯಾಗಿಲ್ಲ, ಕಾರೆಲ್ಲಿಂದ ತರ್ಲಿ?”

“ಹಂಗಾದ್ರೆ ಹತ್ತೋ ಹಂಗಿಲ್ಲ. ಇದು ಕಾರ್ ಬಿಡೋರ ಬಸ್ಸು. ನೀನೇನ್ ಬಿಡ್ತೀಯಾ?”

“ಚಪ್ಪಲಿ ಬಿಡ್ತೀನಿ, ಸಾಲ್ದಾ?”

“ಕಾಲಮ್ಮಿನಲ್ಲಿ ಚಪ್ಪಲಿ ಇಲ್ಲಕ್ಕ” ಎಂದು ಕೋನಪ್ಪ ಫಾರಂ ತೋರಿಸಿದ. ಆತ ಸುಳ್ಳು ಹೇಳುವವನಲ್ಲ. ನಿಜವಾಗಿಯೂ ಇರಲಿಲ್ಲ, ಫಾರಂ ಟೈಪು ಮಾಡಿದವನು ನಾನೇ.

ಬಸ್ಸು ಖಾಲಿ ಹೋಯಿತು. ಹಿಂದೆಯೇ ನಮ್ಮ ವಿಶೇಷಾಧಿಕಾರಿ ವೆಂಕಟರವಣಪ್ಪನವರ ಜೀಪು ಹೋಯಿತು. ಅವರು ಬಸ್ಸಿನಲ್ಲಿ ಕೂತರೆ ಬಸ್ಸನ್ನು ಹಿಂದಿನಿಂದ ಪರಿಶೀಲಿಸುವವರು ಯಾರು? ಡಾಕ್ಟರರನ್ನು ಕೇಳಿದೆವು. “ನಾನು ಬಸ್ಸಲ್ಲಿ ಬಂದ್ರೆ ಪೇಷಂಟುಗಳು ನನಗೇ ಹಣ್ಣು ತಂದುಕೊಡ್ತಾರೆ” ಎಂದರು. ಸಾದಿಕ್ ಪಾಷಾ ಸಾಹೇಬರು ಬರಲು ಒಪ್ಪಿದರು, ಆದರೆ ಅವರ ಅಂಗಡಿ ಮನೆಯ ಕೆಳಗೇ ಇತ್ತು.

ಮುನಿಶಾಮಮ್ಮ ಮರುದಿನ ಕಚೇರಿಗೇ ಬಂದಳು. ವೆಂಕಟರವಣಪ್ಪನವರು ಒಳ್ಳೆಯ ಮನುಷ್ಯರು. ಇಪ್ಪತ್ತೆರಡು ವರ್ಷ ರೇಷ್ಮೆ ಇಲಾಖೆಯಲ್ಲಿ ಹುಳು ನೋಡಿಕೊಂಡಿದ್ದವರನ್ನು ಎರವಲು ಸೇವೆಯ ಮೇಲೆ ಬಸ್ಸು ನೋಡಿಕೊಳ್ಳಲು ಕಳಿಸಿದ್ದರು.

“ನೋಡಮ್ಮ, ಹುಳ ಮೊಟ್ಟೆಯಿಂದ ಬಂದ ತಕ್ಷಣ ಗೂಡು ಕಟ್ತದಾ?” ಎಂದು ಕೇಳಿದರು.

“ಎಲ್ಲಾದ್ರೂ ಉಂಟಾ ಸ್ವಾಮಿ? ನಾಕು ಜ್ವರ ಆಗ್ಬೇಕು.”

ಹುಳು ಮೇವು ಬಿಟ್ಟು, ಮಂಕಾಗಿ ಮಲಗಿ, ಚರ್ಮ ಕಳಚಿ ಏಳುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕು ಸಲ ಹಾಗೆ ಮಲಗಿ ಎದ್ದರೇ ಗೂಡು. ಇದನ್ನು ಶಿಡ್ಲಘಟ್ಟದಲ್ಲಿ ಮಕ್ಕಳಿಗೂ ಹೇಳಿಕೊಡಬೇಕಾಗಿಲ್ಲ.

“ಸರಿಯಾಗಿ ಹೇಳ್ದೆ. ನಡೆಯೋ ಮನುಷ್ಯ ಏಕ್‌ದಂ ಬಸ್ಸಿಗೆ ಹಾರಬಾರದು. ಹಂತಹಂತವಾಗಿ ಕಾರಿನ ತನಕ ಬರ್ಬೇಕು, ಆಮೇಲೆ ಕಾರು ಬಿಡ್ಬೇಕು.”

ಮುನಿಶಾಮಮ್ಮ ಸ್ವಲ್ಪ ಯೋಚಿಸಿ, “ಅದೂ ನ್ಯಾಯಾನೇ” ಎಂದಳು. ಬೇರೆ ಊರಿನವಳಾಗಿದ್ದರೆ ಜಗಳ ತೆಗೆಯುತ್ತಿದ್ದಳೋ ಏನೋ.

ಸಂಜೆಯೊಳಗೆ ಪ್ರಕಟಣೆ ಟೈಪಾಯಿತು: “ಈ ಮೂಲಕ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ಒಂದನೇ ಜ್ವರ ನಡಿಗೆ, ಎರಡನೇ ಜ್ವರ ಸೈಕಲ್, ಮೂರನೇ ಜ್ವರ ಲೂನಾ, ನಾಲ್ಕನೇ ಜ್ವರ ಕಾರು. ಪ್ರತಿ ಜ್ವರ ಏಳು ದಿನ. ಒಂದು ದಿನ ತಪ್ಪಿದರೂ ಆ ಜ್ವರ ಮೊದಲಿನಿಂದ. ನಾಲ್ಕೂ ದಾಟಿದವರನ್ನು ಕಾರು ಪ್ರಯಾಣಿಕರೆಂದು ಪರಿಗಣಿಸಿ, ಕಾರು ಬಿಟ್ಟ ಕೂಡಲೇ ಹತ್ತು ಪೈಸೆಯ ಪಾಸ್ ನೀಡಲಾಗುವುದು.” ಪ್ರತಿಯೊಬ್ಬರಿಗೂ ಒಂದು ಜ್ವರದ ಪುಸ್ತಕ ಕೊಟ್ಟು, ದಿನವೂ ಅದಕ್ಕೆ ಸೀಲು ಹಾಕಲು ಇಬ್ಬರು ಜ್ವರ ಪರಿಶೀಲಕರ ನೇಮಕವಾಯಿತು. ಇಬ್ಬರೂ ವೆಂಕಟರವಣಪ್ಪನವರ ಷಡ್ಡಕರು. ಭತ್ಯೆಯ ಬಿಲ್ಲು ಬಸ್ಸಿನ ಡೀಸೆಲ್ಲಿಗಿಂತ ಜಾಸ್ತಿಯಾಯಿತು. ಡೀಸೆಲ್ಲಿಗೆ ಹೆಂಡತಿಮಕ್ಕಳಿಲ್ಲವಲ್ಲ.

ಮುನಿಶಾಮಮ್ಮ ಇಪ್ಪತ್ತು ವರ್ಷ ನಡೆದದ್ದನ್ನು ಒಂದನೇ ಜ್ವರಕ್ಕೆ ಹಿಡಿಯಲು ಬರಲಿಲ್ಲ, ಆಗ ಸೀಲು ಹಾಕಿರಲಿಲ್ಲ. ಮತ್ತೆ ಏಳು ದಿನ ನಡೆದಳು. ಸೀಲಿನ ಸಾಲಿನಲ್ಲಿ ನಿಂತು ಎರಡು ದಿನ ತಡವಾಯಿತು. ಎರಡನೇ ವಾರ ದಸ್ತಗಿರ್ ಸಾಬರ ಅಂಗಡಿಯಿಂದ ಬಾಡಿಗೆ ಸೈಕಲ್ ತಂದಳು. ತುಳಿಯಲು ಬರದು, ತಳ್ಳಿಕೊಂಡು ಹೋದಳು. ತುಳಿಯತಕ್ಕದ್ದು ಎಂದು ಪ್ರಕಟಣೆಯಲ್ಲಿ ಇರಲಿಲ್ಲ, ಆದ್ದರಿಂದ ಸೀಲು ಬಿತ್ತು. ಮೂರನೇ ವಾರ ದಸ್ತಗಿರ್ ಸಾಬರದೇ ಲೂನಾ. ಅದಕ್ಕೆ ಪೆಟ್ರೋಲು ಹಾಕಿಸುವ ಶಕ್ತಿ ಇಲ್ಲದೆ ಅದನ್ನೂ ತಳ್ಳಿದಳು. ಲೂನಾ ಸೈಕಲ್ಲಿಗಿಂತ ಭಾರ. ಆಕೆ ಏದುಸಿರು ಬಿಡುತ್ತಾ ನಮ್ಮ ಕಚೇರಿ ಮುಂದೆ ಹೋಗುವುದನ್ನು ಕಿಟಕಿಯಿಂದ ನೋಡುತ್ತಿದ್ದೆ. ಸಂಕಟವಾಗುತ್ತಿತ್ತು. ಸಂಕಟವನ್ನು ಯಾವ ಫೈಲಿನಲ್ಲಿ ಮಂಡಿಸಬೇಕೆಂದು ತಿಳಿಯದೆ ಮತ್ತೆ ಟೈಪು ಮಾಡಲು ಕೂರುತ್ತಿದ್ದೆ.

ತಡವಾದದ್ದು ಮೂರು ಸಲ ಯಾವತ್ತೋ ದಾಟಿತ್ತು. ಅಸದುಲ್ಲಾ ಕರೆದು, “ನೋಡಮ್ಮಾ, ನೀರು ಕಾದಿರ್ತದೆ, ಗೂಡು ಕಾಯಲ್ಲ. ನಿನ್ ಬೇಸಿನ್ ಜಾನ್ ಬೀಗೆ ಕೊಟ್ಟಿದೀನಿ” ಎಂದರು.

“ಇನ್ನೊಂದೇ ಜ್ವರ ಸಾಹೇಬ್ರೆ. ಆಮೇಲೆ ನೋಡಿ, ಆರೂವರೆಗೇ ಇಲ್ಲಿರ್ತೀನಿ. ಹೊಟ್ಟೆ ಮೇಲೆ ಹೊಡೀಬೇಡಿ.”

ಅಸದುಲ್ಲಾಗೂ ಮಂಡಿನೋವಿತ್ತು. ಒಂದು ವಾರ ಗಡುವು ಕೊಟ್ಟರು.

ನಾಲ್ಕನೇ ಜ್ವರಕ್ಕೆ ಇದ್ದದ್ದು ಒಂದೇ ಅಂಬಾಸಿಡರ್. ಜನಸೇವೆ ಎಂದು ಸಾದಿಕ್ ಪಾಷಾ ಸಾಹೇಬರು ಬಿಟ್ಟುಕೊಟ್ಟರು. ಒಂದು ಸಲಕ್ಕೆ ಹದಿಮೂರು ಮಂದಿ. ಮುನಿಶಾಮಮ್ಮನಿಗೆ ಗೇರಿನ ಪಕ್ಕ ಜಾಗ. ನಾಲ್ಕು ದಿನ ಆರೂ ಇಪ್ಪತ್ತಕ್ಕೆ ಶೆಡ್ಡು ಮುಟ್ಟಿದಳು, ಬೇಸಿನ್ನು ವಾಪಸ್ ಸಿಕ್ಕಿತು. ಐದನೇ ದಿನ ಕಾಲನಿಯಲ್ಲೇ ಕಾರಿನ ಇಂಜಿನ್ ಕೂತುಬಿಟ್ಟಿತು. ಒಳಗೆ ಹದಿಮೂರು ಮಂದಿ ಬಾಯಿ ಬಡಿದುಕೊಂಡರು. ಜ್ವರ ತಪ್ಪಿದರೆ ಮೊದಲಿನಿಂದ!

ಖಾಲಿ ಬಸ್ಸು ಅಲ್ಲೇ ನಿಂತಿತ್ತು.

“ಸಾರ್, ಹೆಂಗೂ ಖಾಲಿ ಐತಲ್ಲ, ಇವತ್ತೊಂದಿನ ಬಸ್ಸಿಗೇ ಹತ್ತಿಸ್ಕಳ್ಳಾ?” ಎಂದ ಕೋನಪ್ಪ.

ವೆಂಕಟರವಣಪ್ಪನವರು ಜೀಪಿನಿಂದ ಇಳಿದರು. “ಜ್ವರದಲ್ಲಿರೋ ಹುಳಾನ ಮುಟ್ತಾರೇನಯ್ಯಾ? ಹಗ್ಗ ತಗೊಂಬಾ.”

ಅಂದಿನಿಂದ ಬಸ್ಸು ಅಂಬಾಸಿಡರನ್ನು ಹಗ್ಗ ಕಟ್ಟಿ ಎಳೆಯಿತು. ಮುಂದೆ ನಲವತ್ತೆಂಟು ಸೀಟಿನ ಖಾಲಿ ಬಸ್ಸು, ಹಿಂದೆ ಹದಿಮೂರು ಮಂದಿ ತುಂಬಿದ ಕಾರು, ಅದರ ಹಿಂದೆ ಪರಿಶೀಲನಾ ಜೀಪು. ಚೆನ್ನಾಗಿಯೇ ಓಡಿತು. ಇಂಜಿನ್ ರಿಪೇರಿ ಮಾಡಿಸುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಇಪ್ಪತ್ತೊಂಬತ್ತನೇ ದಿನ ಮುನಿಶಾಮಮ್ಮ ಪಾಸು ಹಿಡಿದು ಬಸ್ಸು ಹತ್ತಿದಳು. ಹತ್ತು ಪೈಸೆ ಕೊಟ್ಟು ಕಿಟಕಿ ಪಕ್ಕ ಕೂತಳು. ಕಾಲು ಚಾಚಿ ಕೂತದ್ದನ್ನು ನಾನು ಕಣ್ಣಾರೆ ಕಂಡೆ. ನಮ್ಮ ಯೋಜನೆಯ ಮೊದಲ ಫಲ ಅಂತ ನನಗೂ ಖುಷಿಯಾಯಿತು.

ಮೂವತ್ತನೇ ದಿನ ಕೋನಪ್ಪ ಮತ್ತೆ ಬಾಗಿಲಲ್ಲಿ ಕೈ ಅಡ್ಡ ಹಿಡಿದ.

“ಅಕ್ಕಾ, ನಿನ್ನೆ ಎದ್ರಲ್ಲಿ ಹೋದೆ?”

“ಇದ್ರಲ್ಲೇ ಅಲ್ವೇನೋ.”

“ಹಂಗಾದ್ರೆ ಇವತ್ತು ಬಿಡಾಕೆ ನಿನ್ ಹತ್ರ ಕಾರಿಲ್ಲ.”

ನಿಯಮ ನೋಡಿದೆವು. ಕೋನಪ್ಪ ಹೇಳಿದ್ದು ಸರಿಯಾಗಿತ್ತು. ಮುನಿಶಾಮಮ್ಮ ನಡೆದು, ತಡವಾಗಿ, ಶೆಡ್ಡಿಗೆ ಹೋಗಿ ಅಸದುಲ್ಲಾ ಮುಂದೆ ಅತ್ತಳಂತೆ.

“ಅಳಬೇಡಮ್ಮಾ. ಗೂಡಾದ್ಮೇಲೆ ಹುಳಾನ ನಾವೇನ್ ಮಾಡ್ತೀವಿ?” ಎಂದು ಅವರು ಕೇಳಿದರಂತೆ.

ಆಕೆ ತನ್ನ ಬೇಸಿನ್ನಿನಲ್ಲಿ ಕುದಿಯುತ್ತಿದ್ದ ನೀರನ್ನು ನೋಡಿ, “ಬೇಯಿಸ್ತೀವಿ” ಎಂದಳಂತೆ. ಮರುದಿನದಿಂದ ಮತ್ತೆ ಒಂದನೇ ಜ್ವರ ಶುರು ಮಾಡಿದಳು.

ಅಸದುಲ್ಲಾ ಕೊನೆಗೆ ಒಂದು ಏರ್ಪಾಡು ಮಾಡಿದರು. ಮುನಿಶಾಮಮ್ಮ ಕಾರಿನ ಜ್ವರದಲ್ಲಿದ್ದಾಗ ಬೇಸಿನ್ನು ಆಕೆಗೆ, ಮಿಕ್ಕ ಮೂರು ವಾರ ಜಾನ್ ಬೀಗೆ. ಸಂಬಳವೂ ಹಾಗೆಯೇ. ಶೆಡ್ಡುಗಳೆಲ್ಲ ಅದನ್ನೇ ಅನುಸರಿಸಿದವು. ಹುಳು ಸಾಕುವವರು ವರ್ಷಕ್ಕೆ ಐದಾರು ಬೆಳೆ ತೆಗೆಯುವುದಿಲ್ಲವೇ, ಜನರೂ ಹಾಗೇ ಹೊಂದಿಕೊಂಡರು.

ಮಾರ್ಚ್ ಕೊನೆಗೆ ಮೇಲಿನ ಸಾಹೇಬರು ತಪಾಸಣೆಗೆ ಬಂದರು. ಐವತ್ತರ ಗುರಿಗೆ ನಮ್ಮಲ್ಲಿ ಇನ್ನೂರ ಹನ್ನೊಂದು ಮಂದಿ ಕಾರು ಬಿಟ್ಟಿದ್ದರು, ಅದರಲ್ಲಿ ಮುನಿಶಾಮಮ್ಮನೇ ಒಂಬತ್ತು. ಸಾಹೇಬರಿಗೆ ಬಹಳ ಸಂತೋಷವಾಯಿತು. ಚಿಂತಾಮಣಿಗೂ ಗೌರಿಬಿದನೂರಿಗೂ ಯೋಜನೆ ವಿಸ್ತರಿಸಿ, ಎರಡಕ್ಕೂ ಹಗ್ಗ ಮಂಜೂರು ಮಾಡಿದರು. ನನ್ನ ಕೆಲಸವೂ ಕಾಯಂ ಆಯಿತು.

ಫೋಟೋಗೆಂದು ಮುನಿಶಾಮಮ್ಮನನ್ನು ಕರೆಸಿದ್ದೆವು. ಆ ವಾರ ಆಕೆಗೆ ಮೂರನೇ ಜ್ವರ, ಲೂನಾ ತಳ್ಳಿಕೊಂಡೇ ಬಂದಳು.

“ಬಸ್ಸಿನಿಂದ ಅನುಕೂಲ ಆಯ್ತೇನಮ್ಮ?” ಎಂದರು ಸಾಹೇಬರು.

ಆಕೆ ಸೆರಗಿನಿಂದ ಬೆವರು ಒರೆಸಿಕೊಂಡಳು.

“ಆಯ್ತು ಸ್ವಾಮಿ. ಮೊದ್ಲು ಸುಮ್ಸುಮ್ನೆ ನಡೀತಿದ್ದೆ. ಈಗ ಬಸ್ಸಿಗೋಸ್ಕರ ನಡೀತೀನಿ.”

ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಕೋನಪ್ಪ ಆಕೆಯ ಪುಸ್ತಕಕ್ಕೆ ಆ ದಿನದ ಸೀಲು ಹಾಕಿಸಿಕೊಟ್ಟ. ಆಕೆ ಅದನ್ನು ಜೋಪಾನವಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಲೂನಾ ತಿರುಗಿಸಿ ಹೊರಟಳು.